ಸರೋಜಾಳ ದೋಣಿಯ ಬಣ್ಣ

ಸರೋಜಾ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ಬಣ್ಣ ತಿಳಿಯದವನು ನಾನು — ಹುಟ್ಟಿನಿಂದ. ನನ್ನ ಕಣ್ಣಿನ ದೋಷವನ್ನು ಒಂದು ಶನಿವಾರ ಮಧ್ಯಾಹ್ನ, ಗಂಡನೆಂಬ ಅಧಿಕಾರದಿಂದ, ಅದಕ್ಕಿಂತ ಹೆಚ್ಚಾಗಿ ಡಾಕ್ಟರೆಂಬ ಅಧಿಕಾರದಿಂದ, ನಿನ್ನ ತಲೆಗೆ ಕಟ್ಟಿದೆ. ನೀನು ನಂಬಿದೆ. ನಂಬಿ ಕುಂಚ ತೊಳೆದಿಟ್ಟೆ. ಆಮೇಲೆ ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬಾಯಲ್ಲಿ ಹೇಳದೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಎದುರು ಕೂತು ಹೇಳಲು ಹೊರಟರೆ ಅರ್ಧದಲ್ಲಿ ನನಗೆ ರೇಗುತ್ತದೆ. ರೇಗಿದಾಗ ತಪ್ಪನ್ನು ಎದುರಿಗಿದ್ದವರ ಮೇಲೆ ಜಾರಿಸಿಬಿಡುತ್ತೇನೆ. ಎದುರಿಗಿರುವುದು ಯಾವಾಗಲೂ ನೀನೇ. ಕಾಗದದ ಮೇಲೆ ರೇಗಿದರೆ ಹರಿದುಹಾಕಿ ಮತ್ತೆ ಬರೆಯಬಹುದು. ಈಗಾಗಲೇ ಸಾಕಷ್ಟು ಹರಿದಿದ್ದೇನೆ.

ಕೆಂಪು, ಹಸಿರು, ಕಿತ್ತಳೆ, ಕಂದು — ಇವೆಲ್ಲ ನನಗೆ ಒಂದೇ ಮನೆಯ ಅಣ್ಣತಮ್ಮಂದಿರು, ಯಾರು ಯಾರೆಂದು ಹೇಳಲಾರೆ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ. ಉಳಿದದ್ದು ಮಣ್ಣು. ಟೊಮೇಟೊ ಹಣ್ಣಾಗಿದೆಯೋ ಇಲ್ಲವೋ ಒತ್ತಿ ನೋಡಿಯೇ ತಿಳಿಯಬೇಕು. ಟ್ರಾಫಿಕ್ ಲೈಟಿನಲ್ಲಿ ಮೇಲಿನದು ಹತ್ತಿದರೆ ನಿಲ್ಲುತ್ತೇನೆ, ಕೆಳಗಿನದು ಹತ್ತಿದರೆ ಹೋಗುತ್ತೇನೆ. ನಮ್ಮ ಸೋದರಮಾವ ರೈಲ್ವೆ ಕೆಲಸಕ್ಕೆಂದು ಹೋಗಿ ಕಣ್ಣಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ವಾಪಸು ಬಂದಿದ್ದರು. ಅಮ್ಮನ ತವರಿನವರಿಗೆಲ್ಲ ಕಣ್ಣು ಕಾಣುವುದಿಲ್ಲವಂತೆ ಎಂದು ಬೀದಿಯಲ್ಲಿ ಆಡಿಕೊಂಡರು. ನನಗೂ ಅದೇ ಇದೆ ಎಂದು ಗೊತ್ತಾದ ದಿನ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದ್ದು ಒಂದೇ ಮಾತು: “ನಿನ್ನ ತಂಗಿ ಮದುವೆ ಆಗೋವರೆಗೂ ಇದು ಮನೆ ಹೊಸಿಲು ದಾಟಬಾರದು.”

ದಾಟಲಿಲ್ಲ. ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಬಣ್ಣದ ಚುಕ್ಕೆಗಳ ನಡುವೆ ಅಂಕಿ ಹುಡುಕುವ ಪುಸ್ತಕವನ್ನು ಮುಂದಿಟ್ಟಾಗ, ಸಾಲಿನಲ್ಲಿ ಮುಂದಿದ್ದವರು ಹೇಳಿದ್ದನ್ನು ಕೇಳಿಸಿಕೊಂಡು ಗಿಣಿಯ ಹಾಗೆ ಒಪ್ಪಿಸಿದೆ. ತಂಗಿಯ ಮದುವೆಯಾಯಿತು. ಆಮೇಲೆ ನಮ್ಮದು. ಅಪ್ಪ ಹಾಕಿದ ಗಡುವು ಅಷ್ಟು ಹೊತ್ತಿಗೆ ಮುಗಿದಿತ್ತು. ಅಲ್ಲಿಂದಾಚೆಗೆ ಮುಚ್ಚಿಟ್ಟದ್ದೆಲ್ಲ ನನ್ನ ಸ್ವಂತ.

ನಿನ್ನನ್ನು ನೋಡಲು ಬಂದ ದಿನ ಯಾವ ಸೀರೆ ಉಟ್ಟಿದ್ದೆ ಹೇಳಿ ಎಂದು ಹೊಸದರಲ್ಲಿ ನೀನು ಕೇಳುತ್ತಿದ್ದೆ. “ಸೀರೆ ಯಾರು ನೋಡಿದ್ರು? ನಿನ್ನ ನೋಡ್ತಿದ್ದೆ” ಅನ್ನುತ್ತಿದ್ದೆ. ನೀನು ಕೆಂಪಾಗುತ್ತಿದ್ದೆಯಂತೆ, ನಿನ್ನ ತಂಗಿ ಹೇಳಿ ಗೊತ್ತು. ಅಂಗಡಿಯಲ್ಲಿ ಟೈ ಆರಿಸುವಾಗ “ನಿನ್ನ ಇಷ್ಟವೇ ನನ್ನಿಷ್ಟ” ಎಂದದ್ದೂ ಇದೇ ಸರಕು. ಅದನ್ನೆಲ್ಲ ನೀನು ಪ್ರೀತಿ ಎಂದುಕೊಂಡೆ. ಪ್ರೀತಿಯೂ ಇತ್ತು — ಆದರೆ ಆ ಮಾತುಗಳಲ್ಲಿ ಇದ್ದದ್ದು ಅದಲ್ಲ.

ಅಮೆರಿಕಕ್ಕೆ ಬಂದು ರೇಡಿಯಾಲಜಿ ಹಿಡಿದದ್ದೂ ಇದರಿಂದಲೇ. ಎಕ್ಸ್‌ರೇಗೆ ಬಣ್ಣವಿಲ್ಲ. ಕತ್ತಲ ಕೋಣೆ, ದೀಪದ ಪೆಟ್ಟಿಗೆ, ಕಪ್ಪಿನಿಂದ ಬಿಳಿಯವರೆಗಿನ ನೂರಾರು ಬೂದು ಛಾಯೆಗಳು — ಅಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಬೇರೆಯವರು ದಾಟಿಹೋದ ಕೂದಲೆಳೆಯ ಬಿರುಕನ್ನು ಹಿಡಿಯುತ್ತಿದ್ದೆ. ವಾಷಿಂಗ್ಟನ್ ಸುತ್ತಮುತ್ತ ಆಗ ಇದ್ದ ನಾಲ್ಕಾರು ಕನ್ನಡದ ಮನೆಗಳಲ್ಲಿ ನನ್ನ ಕಣ್ಣು ಅಂದರೆ ಕಣ್ಣು ಎಂಬ ಮಾತು ಹುಟ್ಟಿತು. ಆ ಮಾತು ಕೇಳಿ ನೀನು ಹೆಮ್ಮೆ ಪಡುತ್ತಿದ್ದೆ. ನಾನು ಬೇಡವೆನ್ನಲಿಲ್ಲ.

ನಮ್ಮ ಮೊದಲ ಚಳಿಗಾಲ ನೆನಪಿದೆಯೇ — ಮೇರಿಲ್ಯಾಂಡಿನ ಆ ಅಪಾರ್ಟ್‌ಮೆಂಟ್, ಕಿಟಕಿಯಾಚೆ ಪಾರ್ಕಿಂಗ್ ಲಾಟ್ ಬಿಟ್ಟರೆ ಬೇರೇನೂ ಇಲ್ಲ. ನಾನು ಬೆಳಗ್ಗೆ ಹೋದರೆ ಸಂಜೆಯವರೆಗೆ ನಿನಗೆ ಮಾತಾಡಲು ಜನವಿಲ್ಲ. ಪಕ್ಕದ ಮನೆಯಾಕೆ ನಿನ್ನನ್ನು ಪೇಂಟಿಂಗ್ ಕ್ಲಾಸಿಗೆ ಸೇರಿಸಿದಾಗ ನಾನೇ ಸಂತೋಷಪಟ್ಟೆ. ಸದ್ಯ, ಅಳುವುದು ನಿಲ್ಲುತ್ತದಲ್ಲ. ನಿಂತಿತು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಸಾರಿನ ಸೌಟು ಹಿಡಿದ ಕೈಯಲ್ಲೇ ಬಣ್ಣ. ನೀನು ಮತ್ತೆ ಹಾಡು ಗುನುಗತೊಡಗಿದೆ.

ಆ ಕ್ಲಾಸಿನವರು ಒಮ್ಮೆ ವಾಷಿಂಗ್ಟನ್ನಿನ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಲ್ಲಿ ನಿನಗೆ ಆ ದೋಣಿಯ ಚಿತ್ರ ಸಿಕ್ಕಿತು. ಆಮೇಲೆ ಪ್ರತಿ ಭಾನುವಾರ ಅದೇ — ನಾನು ಡ್ರೈವ್ ಮಾಡಬೇಕು, ಪಾರ್ಕಿಂಗ್‌ಗಾಗಿ ಸುತ್ತಬೇಕು, ನೀನು ಆ ಚಿತ್ರದ ಮುಂದಿನ ಬೆಂಚಿನಲ್ಲಿ ಕೂರಬೇಕು. ರಟ್ಟಿನ ಮೇಲೆ ಬಣ್ಣದ ಕಡ್ಡಿಗಳಿಂದ ಗುರುತು ಹಾಕಿಕೊಂಡು, ಮನೆಗೆ ಬಂದು ಆ ಗುರುತು ನೋಡಿ ಕ್ಯಾನ್ವಾಸಿನ ಮೇಲೆ ಬಣ್ಣ ಕಲಸಬೇಕು. ಮಾರಾಟಕ್ಕಿಟ್ಟಿದ್ದ ಪೋಸ್ಟ್‌ಕಾರ್ಡನ್ನು ನೀನು ಕೊಳ್ಳಲಿಲ್ಲ. ಅಚ್ಚಿನಲ್ಲಿ ಬಣ್ಣ ಸತ್ತಿದೆ ಎಂದೆ.

ಹಳೆಯ ಫ್ರೆಂಚ್ ಚಿತ್ರ. ಒಂದು ನದಿ, ಬಿಸಿಲು, ದಂಡೆಯ ಹುಲ್ಲು, ಒಂದು ದೋಣಿ. ದೋಣಿಯಲ್ಲಿ ಒಬ್ಬ ಗಂಡಸು ಹುಟ್ಟನ್ನು ಮಡಿಲಿಗಿಟ್ಟುಕೊಂಡು ಸುಮ್ಮನೆ ಕೂತಿದ್ದಾನೆ, ಎದುರಿಗೆ ಟೊಪ್ಪಿ ಹಾಕಿದ ಒಬ್ಬ ಹೆಂಗಸು. ಅವರಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಮಾಡಲು ಕೆಲಸವಿಲ್ಲ. ನೀನು ಹೇಳುತ್ತಿದ್ದೆ — ಎಷ್ಟು ಆರಾಮಾಗಿ ಕೂತಿದ್ದಾರೆ ನೋಡಿ, ನಾವು ಯಾವತ್ತಾದರೂ ಹೀಗೆ ಕೂತಿದ್ದೀವಾ? ನನಗೆ ಸಿಟ್ಟು ಬರುತ್ತಿತ್ತು. ವಾರವಿಡೀ ಕತ್ತಲಲ್ಲಿ ಕೂತು ಭಾನುವಾರ ಇವರ ಸೋಮಾರಿತನ ನೋಡಲು ಬರಬೇಕೇ?

ಸಿಟ್ಟಿನ ನಿಜವಾದ ಕಾರಣ ಅದಾಗಿರಲಿಲ್ಲ. ಅಲ್ಲಿ ಬಂದವರೆಲ್ಲ ಆ ಚಿತ್ರದ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದರು, ಮುಖ ಅರಳುತ್ತಿತ್ತು. ನನಗೆ ಕಾಣುತ್ತಿದ್ದದ್ದು ಚೆನ್ನಾದ ನೀಲಿ ನೀರು, ಅದರ ಮೇಲೆ ಒಂದಿಷ್ಟು ಒಣಹುಲ್ಲು. ದೋಣಿ ಎಲ್ಲಿ ಮುಗಿದು ದಂಡೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಹುಡುಕಿ ತಿಳಿಯಬೇಕಾಗಿತ್ತು. ಶರತ್ಕಾಲದಲ್ಲಿ ಎಲ್ಲರೂ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಬ್ಲೂ ರಿಜ್ ಬೆಟ್ಟಕ್ಕೆ ಎಲೆಯ ಬಣ್ಣ ನೋಡಲು ಹೋಗುತ್ತಿದ್ದೆವಲ್ಲ, ಅಲ್ಲೂ ಹೀಗೆಯೇ. ಎಲ್ಲರೂ ಆಹಾ ಎನ್ನುವಾಗ ನಾನೂ ಆಹಾ ಎನ್ನುತ್ತಿದ್ದೆ. ಆದರೆ ಬೆಟ್ಟ ವರ್ಷಕ್ಕೊಮ್ಮೆ. ಈ ದೋಣಿ ಪ್ರತಿ ವಾರ.

ಒಂದು ಭಾನುವಾರ ನೀನು ನನ್ನ ತೋಳು ಹಿಡಿದೆಳೆದು ತೋರಿಸಿದೆ.

“ರೀ, ಇಲ್ ನೋಡಿ. ದೋಣಿ ನೆರಳು ಕಪ್ಪಲ್ಲ ರೀ, ನೇರಳೆ! ನೆರಳಿಗೂ ಬಣ್ಣ ಇದೆ. ನಾನು ಇಷ್ಟು ದಿನ ಸುಮ್ನೆ ಕಪ್ಪು ಬಳೀತಿದ್ದೆ.”

ಚಿಕ್ಕ ಹುಡುಗಿಯ ಹಾಗೆ ಹೇಳಿದೆ. ನೆರಳು, ಸರೋಜಾ, ನನ್ನ ಕಸುಬು. ನೆರಳನ್ನು ಓದಿಯೇ ನಾನು ಅನ್ನ ತಿನ್ನುವುದು. ಅದಕ್ಕೆ ಬಣ್ಣವಿದೆ ಎಂದು ನೀನು ನನಗೆ ಹೇಳಿಕೊಟ್ಟೆ, ಹೇಳಿಕೊಟ್ಟರೂ ನನಗೆ ಕಾಣಲಿಲ್ಲ. “ಹ್ಞೂಂ, ಹೌದು” ಎಂದೆ. ನೀನು ಎಲ್ಲಿಯೋ ಹೋಗಿದ್ದೆ, ನಾನು ಬರಲಾಗದ ಕಡೆ — ಅಲ್ಲಿ ಖುಷಿಯಾಗಿದ್ದೆ. ಆ ದಿನವೇ ಬಾಯಿಬಿಟ್ಟಿದ್ದರೆ ನೀನು ಬಹುಶಃ ನಗುತ್ತಿದ್ದೆ, ಆಮೇಲೆ ಒಂದೊಂದೇ ಬಣ್ಣವನ್ನು ಬಾಯಲ್ಲಿ ಹೇಳಿ ತೋರಿಸುತ್ತಿದ್ದೆ. ನಾನು ಮಾಡಿದ್ದೇನೆಂದರೆ, ಕಾರಿನ ತನಕ ಮಾತಾಡದೆ ನಡೆದೆ.

ಯುಗಾದಿ ಬಂತು. ಬಾಡಿಗೆಗೆ ಹಿಡಿದ ಶಾಲೆಯ ಕೆಫೆಟೇರಿಯಾದಲ್ಲಿ ಹಬ್ಬ, ಹೆಂಗಸರ ಕೈಕೆಲಸಕ್ಕೆ ಒಂದು ಮೇಜು. ನಮ್ಮಲ್ಲಿ ಹಿರಿಯರಾದ ರಾಜಮ್ಮನವರು ಮನೆಗೆ ಬಂದು ನಿನ್ನ ಕ್ಯಾನ್ವಾಸ್ ನೋಡಿ, “ಮಧ್ಯದಲ್ಲಿ ಇದೇ ಇಡೋಣ ಸರೋಜಾ, ಬಿಸಿಲು ಮನೆಯೊಳಗೇ ಬಂದ ಹಾಗಿದೆ” ಎಂದರು. ನೀನು ಹಿಗ್ಗಿದೆ. ಆದರೂ ನಿನಗೆ ಸಾಲಲಿಲ್ಲ. ಹಬ್ಬದ ಹಿಂದಿನ ಶನಿವಾರ, ನಾನು ಊಟ ಮುಗಿಸಿ ಪೇಪರ್ ಹಿಡಿದು ಕೂತಾಗ, ಚಿತ್ರವನ್ನು ಕಿಟಕಿಯ ಬೆಳಕಿಗೆ ಒರಗಿಸಿ ನನ್ನನ್ನು ಕರೆದೆ.

“ಅವರೆಲ್ಲ ಸುಮ್ನೆ ಹೊಗಳ್ತಾರೆ. ನೀವು ಹೇಳಿ. ದೋಣಿ ಬಣ್ಣ ಮ್ಯೂಸಿಯಂನಲ್ಲಿ ಇರೋ ಹಾಗೇ ಇದ್ಯಾ? ನಿಮ್ಮ ಕಣ್ಣಿಗೆ ಗೊತ್ತಾಗತ್ತೆ.”

ನಾನು ನೋಡಿದೆ. ನನಗೆ ಕಂಡದ್ದನ್ನೇ ಹೇಳಿದೆ — “ದೋಣಿ ಎದ್ದು ಕಾಣ್ತಾನೇ ಇಲ್ಲ. ಹುಲ್ಲಿನ ಜೊತೆ ಸೇರಿಹೋಗಿದೆ.”

“ಸೇರಿಹೋಗಿದ್ಯಾ? ಈ ಬಣ್ಣ... ಹಸಿರಿನ ಜೊತೆ?”

ನಿನ್ನ ದನಿಯಲ್ಲಿ ಅಪಹಾಸ್ಯವಿರಲಿಲ್ಲ, ಬರೀ ಆಶ್ಚರ್ಯವಿತ್ತು. ಆದರೆ ನನಗೆ ಸಿಕ್ಕಿಬಿದ್ದೆ ಎನ್ನಿಸಿತು. ಸೋದರಮಾವನ ಮುಖ ಕಣ್ಣೆದುರು ಬಂತು — ಅಂತ ಹೇಳಿದರೆ ಅರ್ಧ ನಿಜ. ಆ ಹೊತ್ತಿಗೆ ಹೆದರಿಕೆಗಿಂತ ದೊಡ್ಡದೊಂದು ನನ್ನೊಳಗೆ ಇತ್ತು. ಹೊಟ್ಟೆಕಿಚ್ಚು. ನನಗೆ ಬಾಗಿಲು ಮುಚ್ಚಿದ ಒಂದು ಲೋಕದಲ್ಲಿ ನನ್ನ ಹೆಂಡತಿ ವಾರವಾರವೂ ವಿಹಾರ ಮಾಡಿ ಬರುತ್ತಿದ್ದಾಳೆ ಎಂಬ ಕಿಚ್ಚು. ಪೇಪರ್ ಮಡಚಿಟ್ಟು, ರೋಗಿಗಳಿಗೆ ಹೇಳುವ ದನಿಯಲ್ಲಿ, ತುಂಬ ಮೆತ್ತಗೆ ಹೇಳಿದೆ:

“ನಿನಗೆ ಬಣ್ಣ ಗೊತ್ತಾಗಲ್ಲ, ಸರೋಜಾ. ದಪ್ಪ ಬಣ್ಣ ತಿಳಿಯತ್ತೆ, ಸೂಕ್ಷ್ಮ ತಿಳಿಯಲ್ಲ. ಕೆಲವರಿಗೆ ಹುಟ್ಟಿನಿಂದಲೇ ಹಾಗಿರತ್ತೆ. ಬೇಜಾರು ಮಾಡ್ಕೋಬೇಡ.”

ರೇಗಿ ಹೇಳಿದ್ದರೆ ನೀನು ಜಗಳಕ್ಕೆ ಬರುತ್ತಿದ್ದೆ, ನಾನು ಸೋಲುತ್ತಿದ್ದೆ. ಮೆತ್ತಗೆ ಹೇಳಿದೆ. ಅದಕ್ಕೇ ನೀನು ನಂಬಿದೆ.

ನೀನು ನನ್ನನ್ನು ಕೇಳಿದ್ದು ಇಷ್ಟೇ, “ಮುಂಚೆನೇ ಯಾಕ್ರೀ ಹೇಳಲಿಲ್ಲ?” ನಾನು ಪೇಪರ್ ಬಿಡಿಸಿದೆ. ಅಡುಗೆಮನೆಯ ಚಾಕು ತಂದು ನೀನು ದೋಣಿಯನ್ನು ಹೆರೆಯುವ ಸದ್ದು ಕೇಳಿಸುತ್ತಿತ್ತು. ಹೆರೆದು ಮತ್ತೆ ಬಳಿದೆ, ಮತ್ತೆ ಹೆರೆದೆ. ಸಂಜೆ ನೋಡಿದರೆ ನೀನು ಆ ಜಾಗಕ್ಕೆಲ್ಲ ಬಿಳಿ ಬಳಿದು ಕ್ಯಾನ್ವಾಸನ್ನು ಗೋಡೆಯ ಕಡೆ ತಿರುಗಿಸಿದ್ದೆ. ನಾನು ತಡೆಯಲಿಲ್ಲ. ಎರಡು ಹೆಜ್ಜೆ ಎದ್ದು ಬಂದು ಕೈ ಹಿಡಿದಿದ್ದರೆ ಸಾಕಿತ್ತು.

ಹಬ್ಬದ ದಿನ ರಾಜಮ್ಮನವರು “ಎಲ್ಲಮ್ಮ ನಿನ್ನ ದೋಣಿ?” ಎಂದು ಎಲ್ಲರೆದುರು ಕೇಳಿದರು. ನೀನು ನಕ್ಕೆ. “ನನಗೆ ಬಣ್ಣನೇ ಗೊತ್ತಾಗಲ್ವಂತೆ ರಾಜಮ್ಮನವರೇ, ಇವರು ಕಂಡುಹಿಡಿದ್ರು” ಎಂದೆ. ಎಲ್ಲರೂ ನಕ್ಕರು. ಅದಕ್ಕೇ ಅಷ್ಟು ಗಾಢ ಸೀರೆ ಉಡ್ತೀಯ ಎಂದು ಯಾರೋ ಚುಡಾಯಿಸಿದರು. ರಾಜಮ್ಮನವರು ಮಾತ್ರ ನಗಲಿಲ್ಲ, ನನ್ನ ಕಡೆ ತಿರುಗಿ, “ಹೌದಾ ಡಾಕ್ಟ್ರೇ? ನಮಗೆ ಚೆನ್ನಾಗೇ ಕಂಡಿತ್ತಲ್ಲ” ಎಂದರು. ಪುಳಿಯೋಗರೆಯ ತಟ್ಟೆ ಹಿಡಿದು ನಿಂತಿದ್ದ ನಾನು ತಲೆಯಾಡಿಸಿದೆ. ಬಾಯಲ್ಲಿ ಅನ್ನವಿತ್ತು, ಅದನ್ನೇ ನೆಪ ಮಾಡಿಕೊಂಡೆ.

ಆಮೇಲಿನದ್ದು ನಿನಗೆ ಗೊತ್ತಿದೆ, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ. ನೀನು ನನಗೆ ಟೈ ಆರಿಸುವುದನ್ನು ಬಿಟ್ಟೆ. “ನನಗೆಲ್ಲಿ ತಿಳಿಯತ್ತೆ, ನೀವೇ ನೋಡಿಕೊಳ್ಳಿ.” ನಾನು ಅಂಗಡಿಯವನನ್ನು ಗುಟ್ಟಾಗಿ ಕೇಳಿ ಟೈಗಳ ಹಿಂಬದಿಗೆ ಗುರುತು ಮಾಡಿಕೊಂಡೆ. ನೀನು ನಿನ್ನ ಸೀರೆಗಳನ್ನೂ ನನ್ನ ಮುಂದೆ ಹಿಡಿಯತೊಡಗಿದೆ — ಇದಕ್ಕೆ ಯಾವ ರವಿಕೆ, ಹೇಳಿ. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ದೀಪಾವಳಿಗೆ ನಿನ್ನನ್ನು ನೋಡಿ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಅಂದಿನಿಂದ ನೀನು ಬಿಳಿ, ಕೆನೆ, ಬೂದು ಇಷ್ಟನ್ನೇ ಉಡುತ್ತೀಯ. ತಪ್ಪಾಗುವ ಭಯವಿಲ್ಲ ನೋಡಿ ಎನ್ನುತ್ತೀಯ. ಮದುವೆಯಾದಾಗ ನಿನ್ನ ಟ್ರಂಕ್ ತೆಗೆದರೆ ಸಂತೆಯ ಹಾಗಿತ್ತು. ಈಗ ನಿನ್ನ ಕಪಾಟು ನನ್ನ ಎಕ್ಸ್‌ರೇ ಕೋಣೆಯ ಹಾಗಿದೆ. ನಾನು ಕಾಣುವ ಲೋಕಕ್ಕೆ ನಿನ್ನನ್ನು ಎಳೆದುಕೊಂಡು ಬಂದೆ, ಸರೋಜಾ. ಜೊತೆ ಸಿಕ್ಕಿತು ಎಂದು ಸಂತೋಷವಾಯಿತೇ? ಇಲ್ಲ. ನಿನ್ನನ್ನು ನೋಡಿದಾಗಲೆಲ್ಲ ರೇಗುತ್ತಿತ್ತು. ಯಾಕೆ ಕಾರಣವಿಲ್ಲದೆ ಕೂಗಾಡುತ್ತೀರಿ ಎಂದು ಕೇಳುತ್ತಿದ್ದೆಯಲ್ಲ — ಕಾರಣ ಇತ್ತು.

ಹೇಳಬೇಕೆಂದುಕೊಂಡ ದಿನಗಳೂ ಇದ್ದವು. ಮಗಳು ಅನು ಹುಟ್ಟಿದಾಗ. ಕೆಲಸ ಬದಲಾಗಿ ಈ ರಾಲಿ ಊರಿಗೆ ಬಂದಾಗ, ಸಾಮಾನು ಕಟ್ಟುತ್ತಾ ನೀನು ಆ ಕ್ಯಾನ್ವಾಸನ್ನು ಕಸಕ್ಕೆ ಹಾಕಲು ಹೊರಟಾಗ. “ಇರಲಿ ಬಿಡು” ಎಂದು ನಾನೇ ಟ್ರಕ್ಕಿಗೆ ಹಾಕಿದೆ. ನಿನ್ನ ಕಣ್ಣಲ್ಲಿ ನೀರು ಬಂತು. ನೀನು ನನ್ನನ್ನು ಒಳ್ಳೆಯವನು ಎಂದುಕೊಂಡೆ. ಆ ಕ್ಷಣದಲ್ಲಿ ಬಾಯಿಯವರೆಗೆ ಬಂದದ್ದನ್ನು ಅದೇ ನುಂಗಿಸಿಬಿಟ್ಟಿತು.

ಈಗ ಹೋದ ಭಾನುವಾರಕ್ಕೆ ಬರುತ್ತೇನೆ. ಅದರ ಹಿಂದಿನ ವಾರ ಮೂವರೂ ಕೆರೆಯ ಪಾರ್ಕಿಗೆ ಹೋಗಿ ಪೆಡಲ್ ದೋಣಿಯಲ್ಲಿ ಕೂತಿದ್ದೆವು. ಅನು ಶಾಲೆಗೆ ಅದರದೇ ಚಿತ್ರ ಬರೆದಳು. ನೀನು ಅಡುಗೆಮನೆಯಲ್ಲಿದ್ದೆ. ಅವಳು ಚಿತ್ರ, ಕ್ರೆಯಾನ್ ಡಬ್ಬ ಹಿಡಿದು ನನ್ನ ಹತ್ತಿರ ಬಂದಳು.

“ಅಪ್ಪ, ಬೋಟ್ ಕಲರ್ ಕರೆಕ್ಟ್ ಇದ್ಯಾ? ಅಮ್ಮ ಸೆಡ್ ಆಸ್ಕ್ ಅಪ್ಪ. ಅಮ್ಮಂಗೆ ಕಲರ್ಸ್ ಗೊತ್ತಾಗಲ್ಲ.”

ಚೆನ್ನಾಗಿದೆ ಪುಟ್ಟಿ ಎಂದೆ. ಅವಳು ಹೋಗಲಿಲ್ಲ. ಡಬ್ಬದ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತು, ಸಣ್ಣ ದನಿಯಲ್ಲಿ ಕೇಳಿದಳು.

“ಅಪ್ಪ, ನನ್ನ ಕಣ್ಣು ಕೂಡ ಅಮ್ಮನ ತರಾನಾ? ನಂಗೂ ಹಾಗೇ ಆಗತ್ತಾ?”

ಎಷ್ಟು ದಿನದಿಂದ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತೋ. ನಾನು ಅವಳನ್ನು ಎಳೆದುಕೊಂಡು ಹೇಳಿದೆ, “ಹೌದು ಪುಟ್ಟಿ, ನಿನ್ನ ಕಣ್ಣು ಪೂರ್ತಿ ಅಮ್ಮನ ಕಣ್ಣೇ.” ಅದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನೀನು ಕೈ ಒರೆಸಿಕೊಂಡು ಓಡಿ ಬಂದೆ. ವಿಷಯ ತಿಳಿದು ನಿನ್ನ ಮುಖ ಸಣ್ಣದಾಯಿತು. “ಸಾರಿ ಕಂದ” ಎಂದು ಅವಳನ್ನು ತಬ್ಬಿಕೊಂಡೆ. ಕ್ಷಮೆ ಕೇಳಿದವಳು ನೀನು! ಮಗಳಿಗೆ ಕೆಟ್ಟ ಕಣ್ಣು ಕೊಟ್ಟೆನೆಂದು ನೀನು ಕ್ಷಮೆ ಕೇಳಿದೆ, ಕೊಟ್ಟವನೇನಾದರೂ ಇದ್ದರೆ ಅದು ನಾನು — ನನ್ನ ದೋಷ ಅವಳ ಮೂಲಕ ಅವಳ ಮಕ್ಕಳಿಗೆ ಹೋದೀತು, ಡಾಕ್ಟರಾಗಿ ಅದು ನನಗೆ ಗೊತ್ತು — ಎಲ್ಲ ಗೊತ್ತಿದ್ದೂ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆಗಲೂ ಹೇಳಲಿಲ್ಲ.

ನೀವಿಬ್ಬರೂ ಒಳಗೆ ಹೋದ ಮೇಲೆ ಗರಾಜಿಗೆ ಹೋಗಿ ಕ್ಯಾನ್ವಾಸ್ ಹೊರಗೆಳೆದೆ. ಧೂಳು ಒರೆಸಿ ನೋಡಿದೆ. ನೀರು ಹಾಗೇ ಇದೆ, ದಂಡೆ ಇದೆ. ಆ ಗಂಡಸು ಹೆಂಗಸು ಇನ್ನೂ ಆರಾಮಾಗಿ ಕೂತೇ ಇದ್ದಾರೆ, ಅವರ ಕೆಳಗೆ ದೋಣಿ ಇಲ್ಲ. ನೀನು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ತಡವರಿಸುತ್ತಾ, “ಇಲ್ಲಿ ಮೊದಲು ಯಾವ ಬಣ್ಣ ಇತ್ತು ಸರೋಜಾ?” ಎಂದೆ.

“ನನ್ನನ್ನ ಯಾಕ್ರೀ ಕೇಳ್ತೀರ?” ಎಂದೆ ನೀನು. ಸಿಟ್ಟಿಲ್ಲ, ದುಃಖವಿಲ್ಲ. ನಿಜವಾಗಿಯೂ ನಿನಗೆ ಅರ್ಥವಾಗಿರಲಿಲ್ಲ, ನಾನು ಯಾಕೆ ನಿನ್ನನ್ನು ಕೇಳುತ್ತೇನೆ ಎಂದು.

ಅದಕ್ಕೇ ಬರೆಯುತ್ತಿದ್ದೇನೆ. ಬರೆದು ಮುಗಿಸಿ ನಿನ್ನ ಕೈಗೆ ಕೊಟ್ಟು ಆಸ್ಪತ್ರೆಗೆ ಓಡಿಹೋಗುವ ಯೋಚನೆಯೂ ಬಂತು, ನನ್ನ ಯೋಗ್ಯತೆಗೆ ಅದೇ ಸರಿ. ಹಾಗೆ ಮಾಡುವುದಿಲ್ಲ. ನಾಳೆ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಅನು ಕೂತಿರುವಾಗಲೇ ಓದುತ್ತೇನೆ, ಅವಳಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲಿ ಮತ್ತೆ ಹೇಳುತ್ತೇನೆ. ರಾಜಮ್ಮನವರಿಗೆ ನಾನೇ ಫೋನ್ ಮಾಡುತ್ತೇನೆ. ಆ ಹಬ್ಬದ ದಿನ ನಕ್ಕವರಿಗೆಲ್ಲ ನಾನೇ ತಿಳಿಸುತ್ತೇನೆ. ಓದುವಾಗ ನಾನು ರೇಗಿದರೆ, ಕಾರಣ ಕೊಡಲು ಹೊರಟರೆ, ಅಪ್ಪನ ಹೆಸರೆತ್ತಿದರೆ — ಎದ್ದು ಹೋಗು. ಕ್ಷಮಿಸು ಎಂದು ಕೇಳುವುದಿಲ್ಲ. ಮತ್ತೆ ಬಣ್ಣ ಹಿಡಿ ಎಂದು ಹೇಳುವ ಹಕ್ಕೂ ನನಗಿಲ್ಲ. ಅಷ್ಟು ವರ್ಷಗಳನ್ನು ನಾನು ತಿಂದುಹಾಕಿದೆ, ಅವು ಮತ್ತೆ ಬರುವುದಿಲ್ಲ.

ಆ ದೋಣಿಯ ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ, ಸರೋಜಾ. ಯಾವತ್ತೂ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.